ಹಿರೋಶಿಮಾದ ಮೇಯರ್ ಶಿಂಜೊ ಹಮಾಯಿ: ಊರನ್ನು ಮರಳಿ ಕಟ್ಟಿದ್ದರಲ್ಲಿ ಅವರ ಪಾಲು ಎಷ್ಟು?

ಪ್ರಶ್ನೆ — ಸಮಾಜ ವಿಜ್ಞಾನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಎರಡನೆಯ ಮಹಾಯುದ್ಧದ ಪಾಠ ಮಾಡುವಾಗ ಪ್ರತಿವರ್ಷವೂ ನನಗೆ ಒಂದೇ ಜಾಗದಲ್ಲಿ ತೊಡಕಾಗುತ್ತದೆ. 1945ರ ಆಗಸ್ಟ್ 6ರ ಬೆಳಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಶಿಮಾದ ಮೇಲೆ ಅಣುಬಾಂಬು ಬಿತ್ತು ಎಂದು ಹೇಳಿದ ಮೇಲೆ ಪಾಠ ಮುಂದಿನ ಪುಟಕ್ಕೆ ಹೋಗಿಬಿಡುತ್ತದೆ. ಈ ಸಲ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಎಲ್ಲವೂ ಸುಟ್ಟುಹೋದ ಮೇಲೆ ಉಳಿದವರಿಗೆ ಅನ್ನ ಕೊಟ್ಟವರು ಯಾರು, ಊರನ್ನು ಮತ್ತೆ ಕಟ್ಟಿದವರು ಯಾರು ಸರ್?" ಎಂದು ಕೇಳಿದಳು. ಉತ್ತರ ಹುಡುಕುತ್ತ ಹೋದಾಗ ಶಿಂಜೊ ಹಮಾಯಿ ಎಂಬ ಮೇಯರ್ ಅವರ ಹೆಸರು ಸಿಕ್ಕಿತು. 1947ರಿಂದ 1955ರವರೆಗೆ ಮತ್ತು 1959ರಿಂದ 1967ರವರೆಗೆ, ಒಟ್ಟು ನಾಲ್ಕು ಅವಧಿ ಅವರು ಆ ಹುದ್ದೆಯಲ್ಲಿದ್ದರು ಎಂದು ತಿಳಿಯಿತು.

ನನಗಿರುವ ಸಂದೇಹಗಳು ಎರಡು. ದೇಶವೇ ಸೋತು, ಅಮೆರಿಕದ ನೇತೃತ್ವದ ಸೇನಾಡಳಿತದ ಕೈಯಲ್ಲಿದ್ದಾಗ ಒಬ್ಬ ಮೇಯರ್ ಸ್ವಂತ ಬಲದಿಂದ ಏನನ್ನು ತಾನೇ ಮಾಡಬಹುದಿತ್ತು? ನಮ್ಮಲ್ಲಿ ಮೇಯರ್ ಎಂದರೆ ಪಾಲಿಕೆ ಸದಸ್ಯರು ಅಲ್ಪಾವಧಿಗೆ ಆರಿಸುವ ಸ್ಥಾನ, ಕಾರ್ಯಭಾರವೆಲ್ಲ ಆಯುಕ್ತರದು, ಅಲ್ಲಿ ಹೇಗೆ? ಎರಡನೆಯದಾಗಿ, ಇಷ್ಟು ಕೆಲಸ ಮಾಡಿದವರನ್ನು ಜನ 1955ರಲ್ಲಿ ಸೋಲಿಸಿದ್ದೇಕೆ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ತರಗತಿಯಲ್ಲಿ ಹೇಳುವುದಕ್ಕಾಗಿ ಕೇಳುತ್ತಿರುವುದರಿಂದ ದಂತಕಥೆಗಳಿಗಿಂತ ಖಚಿತವಾದ ಸಂಗತಿಗಳೇ ಬೇಕು.

ಉತ್ತರ — ಯುದ್ಧೋತ್ತರ ಜಪಾನಿನ ಓದುಗ

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯ ಮೊದಲ ಅರ್ಧಕ್ಕೂ ಉತ್ತರದಲ್ಲಿ ಹಮಾಯಿ ಅವರೇ ಬರುತ್ತಾರೆ. ಬಾಂಬು ಬಿದ್ದ ದಿನ ಅವರು ಮೇಯರ್ ಆಗಿರಲಿಲ್ಲ, ಹಿರೋಶಿಮಾ ನಗರಾಡಳಿತದ ಪಡಿತರ ವಿಭಾಗದ ಮುಖ್ಯಸ್ಥರಾಗಿದ್ದರು. 1905ರಲ್ಲಿ ಅದೇ ಊರಿನಲ್ಲಿ ಹುಟ್ಟಿ, ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ಊರಿಗೆ ಹಿಂದಿರುಗಿ ನಗರಾಡಳಿತದಲ್ಲಿ ಕೆಲಸಕ್ಕೆ ಸೇರಿದವರು. ಅಂದಿನ ಮೇಯರ್ ಸೆಂಕಿಚಿ ಅವಾಯಾ ಬಾಂಬು ದಾಳಿಯಲ್ಲಿ ತಮ್ಮ ಅಧಿಕೃತ ನಿವಾಸದಲ್ಲೇ ತೀರಿಕೊಂಡರು. ಸ್ಫೋಟದ ಕೇಂದ್ರದಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದ್ದ ನಗರಸಭೆಯ ಕಟ್ಟಡದ ಗೋಡೆಗಳು ನಿಂತಿದ್ದರೂ ಒಳಗೆಲ್ಲ ಬೆಂಕಿ ಹತ್ತಿ ಉರಿದಿತ್ತು. ನೌಕರರಲ್ಲಿ ಅನೇಕರು ಸತ್ತಿದ್ದರು, ಉಳಿದವರಲ್ಲಿ ಬಹುಪಾಲು ಗಾಯಾಳುಗಳು.

ಅಂಥ ಹೊತ್ತಿನಲ್ಲಿ ಕಚೇರಿಗೆ ಬಂದು ತಲುಪಿದ ಹಮಾಯಿ ಅವರ ಮುಂದಿದ್ದುದು ಅವರ ಎಂದಿನ ಕೆಲಸವೇ, ಅಂದರೆ ಜನರಿಗೆ ಆಹಾರ ಒದಗಿಸುವುದು. ಸುತ್ತಲಿನ ಊರುಗಳಿಂದ ಅನ್ನದ ಉಂಡೆಗಳನ್ನು ತರಿಸುವುದು, ದಾಸ್ತಾನಿನಲ್ಲಿದ್ದ ಒಣ ಬಿಸ್ಕತ್ತನ್ನು ಹಂಚಿಸುವುದು, ವಾಹನ ಹೊಂದಿಸುವುದು, ಬದುಕಿ ಉಳಿದವರು ಎಲ್ಲೆಲ್ಲಿ ಗುಂಪುಗೂಡಿದ್ದಾರೆ ಎಂದು ತಿಳಿದುಕೊಳ್ಳುವುದು, ಇವೇ ಮೊದಲ ದಿನಗಳ ಆಡಳಿತವಾಗಿದ್ದವು. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರ ಸಂಖ್ಯೆ ಸುಮಾರು 1,40,000 ಎಂದು ಹಿರೋಶಿಮಾ ನಗರ ಅಂದಾಜಿಸುತ್ತದೆ. ಇದು ಸಾಲದೆಂಬಂತೆ ಸೆಪ್ಟೆಂಬರ್ 17ರಂದು ಮಕುರಾಝಾಕಿ ಚಂಡಮಾರುತ ಅಪ್ಪಳಿಸಿ ಹಿರೋಶಿಮಾ ಪ್ರಾಂತ್ಯವೊಂದರಲ್ಲೇ 2,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಪಾಠಗಳಲ್ಲಿ ಈ ಚಂಡಮಾರುತ ಬರುವುದೇ ಇಲ್ಲ. ಸುಟ್ಟ ಊರು ಆರು ವಾರಗಳಲ್ಲಿ ನೀರಿನಲ್ಲೂ ಮುಳುಗಿತು ಎಂಬುದನ್ನು ಮಕ್ಕಳಿಗೆ ನೀವು ಹೇಳಲೇಬೇಕು ಎಂದು ನನಗನ್ನಿಸುತ್ತದೆ.

ಅನಂತರ ಮೇಯರ್ ಆದ ಶಿಚಿರೊ ಕಿಹಾರಾ ಅವರ ಕಾಲದಲ್ಲಿ ಹಮಾಯಿ ಉಪಮೇಯರ್ ಆದರು. ಜಪಾನಿನಲ್ಲಿ ಮೇಯರ್ ಹುದ್ದೆಗೆ ಜನರಿಂದ ನೇರ ಚುನಾವಣೆ ನಡೆದದ್ದು 1947ರ ಏಪ್ರಿಲ್‌ನಲ್ಲಿ, ಅದೇ ಮೊದಲು. ಆ ಚುನಾವಣೆಯಲ್ಲಿ ಗೆದ್ದಾಗ ಹಮಾಯಿ ಅವರಿಗೆ 41 ವರ್ಷ. ನೀವು ಕೇಳಿದ ಅಧಿಕಾರದ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಅದೇ ವರ್ಷ ಜಾರಿಗೆ ಬಂದ ಸ್ಥಳೀಯ ಸ್ವಾಯತ್ತತಾ ಕಾನೂನಿನ ಪ್ರಕಾರ ಮೇಯರ್ ನಾಲ್ಕು ವರ್ಷಗಳ ಅವಧಿಗೆ ಜನರಿಂದಲೇ ಆಯ್ಕೆಯಾಗುತ್ತಾರೆ. ಆಯವ್ಯಯವನ್ನು ಮಂಡಿಸುವವರೂ ಆಡಳಿತ ಯಂತ್ರವನ್ನು ನಡೆಸುವವರೂ ಅವರೇ. ನಗರಸಭೆ ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ಅವಿಶ್ವಾಸ ನಿರ್ಣಯವನ್ನೂ ತರಬಹುದು. ನಮ್ಮ ಮೇಯರ್ ಮತ್ತು ಆಯುಕ್ತರ ಹೊಣೆಗಳು ಒಬ್ಬರಲ್ಲೇ ಸೇರಿವೆ ಎಂದುಕೊಂಡರೆ ವಿದ್ಯಾರ್ಥಿಗಳಿಗೆ ಅರ್ಥವಾದೀತು.

ಅದೇ ವರ್ಷದ ಆಗಸ್ಟ್ 6ರಂದು ಮೊದಲ ಶಾಂತಿ ಉತ್ಸವ ನಡೆಯಿತು, ಹಮಾಯಿ ಮೊದಲ ಶಾಂತಿ ಘೋಷಣೆಯನ್ನು ಓದಿದರು. ಇಂದಿಗೂ ಪ್ರತಿ ಆಗಸ್ಟ್ 6ರಂದು ಹಿರೋಶಿಮಾದ ಮೇಯರ್ ಯಾರೇ ಇರಲಿ, ಘೋಷಣೆಯನ್ನು ಓದುತ್ತಾರೆ. ನಡುವೆ 1950ರಲ್ಲಿ ಮಾತ್ರ, ಕೊರಿಯಾ ಯುದ್ಧ ಆರಂಭವಾದ ಬೆನ್ನಲ್ಲೇ, ಸಮಾರಂಭವನ್ನು ನಡೆಸಗೊಡಲಿಲ್ಲ. ಸೇನಾಡಳಿತದ ಅಡಿಯಲ್ಲಿ ಮೇಯರ್ ಅಧಿಕಾರದ ಮಿತಿ ಎಲ್ಲಿಯವರೆಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಉತ್ತರ — ನಿವೃತ್ತ ನಗರ ಯೋಜಕ

ಮೇಲಿನ ಉತ್ತರ ಚೆನ್ನಾಗಿದೆ. ನಾನು ಹಣ ಮತ್ತು ಭೂಮಿಯ ವಿಚಾರವನ್ನು ಸೇರಿಸುತ್ತೇನೆ, ಏಕೆಂದರೆ ಹಮಾಯಿ ಅವರ ನಿಜವಾದ ಸಾಧನೆ ಅಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸುಟ್ಟುಹೋದ ಊರಿನಲ್ಲಿ ತೆರಿಗೆ ಕಟ್ಟುವವರು ಯಾರು? ಮನೆಯಿಲ್ಲ, ಅಂಗಡಿಯಿಲ್ಲ, ಕಾರ್ಖಾನೆಯಿಲ್ಲ. ಬಾಂಬಿನಿಂದ ಹಾಳಾದದ್ದು ಹಿರೋಶಿಮಾ ಮತ್ತು ನಾಗಸಾಕಿ ಎಂದು ನಮಗೆ ನೆನಪಿರುತ್ತದೆ. ಆದರೆ ಟೋಕಿಯೊ, ಒಸಾಕಾ, ನಗೋಯಾ ಸೇರಿದಂತೆ ಜಪಾನಿನ ಬಹುತೇಕ ದೊಡ್ಡ ನಗರಗಳು ಬೆಂಕಿಬಾಂಬಿಗೆ ಬೂದಿಯಾಗಿದ್ದವು. ಕೇಂದ್ರ ಸರ್ಕಾರದ ಬಾಗಿಲಲ್ಲಿ ಕೈಚಾಚಿ ನಿಂತಿದ್ದ ನೂರಾರು ಊರುಗಳ ಸಾಲಿನಲ್ಲಿ ಹಿರೋಶಿಮಾ ಕೂಡ ಒಂದು. ಹಮಾಯಿ ಮತ್ತು ನಗರಸಭೆಯವರು ಮತ್ತೆ ಮತ್ತೆ ಟೋಕಿಯೊಗೆ ಹೋಗಿ ಸಚಿವಾಲಯಗಳ ಮೆಟ್ಟಿಲು ಹತ್ತಿದರೂ ಹೆಚ್ಚಿನ ಪ್ರಯೋಜನವಾಗಲಿಲ್ಲ. ಆಗ ಅವರು ದಾರಿಯನ್ನೇ ಬದಲಿಸಿದರು. ಅನುದಾನ ಕೇಳುವ ಬದಲು, ಈ ಒಂದು ಊರಿಗಾಗಿಯೇ ಒಂದು ಕಾನೂನು ಮಾಡಿಕೊಡಿ ಎಂದು ಕೇಳಿದರು. ಹಿರೋಶಿಮಾ ಮೂಲದವರೇ ಆದ, ಸಂಸತ್ತಿನ ಮೇಲ್ಮನೆಯ ಅಧಿಕಾರಿ ತದಾಶಿ ತೆರಾಮಿತ್ಸು ಅದರ ಕರಡನ್ನು ಬರೆದರು. ಹಿರೋಶಿಮಾ ಶಾಂತಿ ಸ್ಮಾರಕ ನಗರ ನಿರ್ಮಾಣ ಕಾನೂನು 1949ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು.

ಒಂದೇ ಊರಿಗೆ ಅನ್ವಯಿಸುವ ಕಾನೂನಿಗೆ ಆ ಊರಿನ ಮತದಾರರ ಬಹುಮತದ ಒಪ್ಪಿಗೆ ಬೇಕೆಂದು ಜಪಾನಿನ ಹೊಸ ಸಂವಿಧಾನದ 95ನೆಯ ವಿಧಿ ಹೇಳುತ್ತದೆ. ಅದರಂತೆ 1949ರ ಜುಲೈ 7ರಂದು ಜನಮತ ಸಂಗ್ರಹ ನಡೆದು, ಮತ ಹಾಕಿದವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಜನ ಒಪ್ಪಿದರು. ಆಗಸ್ಟ್ 6ರಂದು ಕಾನೂನು ಜಾರಿಗೆ ಬಂತು.

ಈ ಕಾನೂನಿನಲ್ಲಿರುವುದು ಏಳೇ ವಿಧಿಗಳು. ನಾಲ್ಕನೆಯದರ ಪ್ರಕಾರ ಸರ್ಕಾರಿ ಭೂಮಿಯನ್ನು ನಗರಕ್ಕೆ ಉಚಿತವಾಗಿ ವರ್ಗಾಯಿಸಬಹುದು. ಇದರ ಬೆಲೆ ತಿಳಿಯಬೇಕಾದರೆ ಹಿರೋಶಿಮಾದ ಹಿಂದಿನ ಚರಿತ್ರೆ ತಿಳಿದಿರಬೇಕು. 1894ರ ಚೀನಾ–ಜಪಾನ್ ಯುದ್ಧದ ಕಾಲದಲ್ಲಿ ಚಕ್ರವರ್ತಿಯೇ ಬಂದು ಬೀಡುಬಿಟ್ಟಿದ್ದ ಸೇನಾನಗರವಿದು. ಕೋಟೆಯ ಸುತ್ತಲಿನ ವಿಶಾಲವಾದ ಜಾಗ ಸೈನ್ಯದ್ದಾಗಿತ್ತು, ಸೈನ್ಯ ಇಲ್ಲವಾದ ಮೇಲೆ ಅದು ಸರ್ಕಾರದ ಖಾತೆಯಲ್ಲಿತ್ತು. ಯುದ್ಧಕ್ಕಾಗಿ ಒಟ್ಟುಮಾಡಿದ್ದ ನೆಲವೇ ಶಾಂತಿ ನಗರದ ಬಂಡವಾಳವಾಯಿತು. ಆರನೆಯ ವಿಧಿಯಂತೂ ನನಗೆ ಅಚ್ಚುಮೆಚ್ಚು. ಹಿರೋಶಿಮಾದ ಮೇಯರ್ ಆದವರು ನಿವಾಸಿಗಳ ಸಹಕಾರ ಪಡೆದು ಶಾಂತಿ ಸ್ಮಾರಕ ನಗರವನ್ನು ಪೂರ್ತಿಗೊಳಿಸಲು ಎಡೆಬಿಡದೆ ದುಡಿಯತಕ್ಕದ್ದು ಎಂದು ಅದು ವಿಧಿಸುತ್ತದೆ. ಮೇಯರ್ ಎಡೆಬಿಡದೆ ದುಡಿಯಬೇಕೆಂದು ಸಂಸತ್ತಿನ ಕಾನೂನೇ ಹೇಳುವುದು ಅಪರೂಪ.

ಇನ್ನು ಸೋಲಿನ ವಿಚಾರ. ಯುದ್ಧದ ಕೊನೆಯ ದಿನಗಳಲ್ಲಿ, ಬೆಂಕಿ ಹರಡದಂತೆ ತಡೆಯಲು ಊರಿನ ನಡುವೆ ಮನೆಗಳನ್ನು ಸಾಲಾಗಿ ಕೆಡವಿ ಬಯಲು ಪಟ್ಟಿಗಳನ್ನು ಮಾಡುತ್ತಿದ್ದರು. ಆಗಸ್ಟ್ 6ರ ಬೆಳಗ್ಗೆ ಅಂಥ ಕೆಲಸಕ್ಕೆ ಹಚ್ಚಲಾಗಿದ್ದ ಸಾವಿರಾರು ಶಾಲಾಮಕ್ಕಳು ಬಯಲಿನಲ್ಲೇ ಸತ್ತರು. ಹಾಗೆ ತೆರವಾದ ಒಂದು ಪಟ್ಟಿಯನ್ನೇ ಹಿಡಿದು ಊರಿನ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 4 ಕಿಲೋಮೀಟರ್ ಉದ್ದದ, 100 ಮೀಟರ್ ಅಗಲದ ರಸ್ತೆಯನ್ನು ಯೋಜಿಸಲಾಯಿತು. ಇಂದು ಅದು ಶಾಂತಿ ಹೆದ್ದಾರಿ. ರಸ್ತೆ ಮತ್ತು ಉದ್ಯಾನಗಳಿಗೆ ಜಾಗ ಸಿಕ್ಕಿದ್ದು ಭೂ ಮರುಹೊಂದಾಣಿಕೆಯಿಂದ: ಪ್ರತಿಯೊಬ್ಬ ಮಾಲೀಕನೂ ತನ್ನ ನಿವೇಶನದ ಒಂದು ಪಾಲನ್ನು ಬಿಟ್ಟುಕೊಟ್ಟು, ಉಳಿದದ್ದನ್ನು ಹೊಸ ನಕ್ಷೆಯಲ್ಲಿ ಬೇರೊಂದು ಜಾಗದಲ್ಲಿ ಪಡೆಯುವ ಕ್ರಮ. ಗುಜರಾತಿನ ಟೌನ್ ಪ್ಲಾನಿಂಗ್ ಸ್ಕೀಮ್‌ಗಳನ್ನು ಬಲ್ಲವರಿಗೆ ಇದು ಪರಿಚಿತ.

ನಕ್ಷೆಯ ಮೇಲೆ ಇದು ಸೊಗಸು. ತಗಡಿನ ಗುಡಿಸಿಲಿನಲ್ಲಿ ಮಳೆಗೆ ನೆನೆಯುತ್ತಿರುವ ಕುಟುಂಬಕ್ಕೆ, ಅಪ್ಪ ಬಿಟ್ಟುಹೋದ ಹತ್ತು ಗಜ ನೆಲದಲ್ಲಿ ಎರಡು ಗಜ ಹೋಯಿತು ಎಂಬುದಷ್ಟೇ ಕಾಣುತ್ತದೆ. ವಾಹನಗಳೇ ಇಲ್ಲದ ಊರಿಗೆ 100 ಮೀಟರ್ ರಸ್ತೆ ಯಾಕೆ ಎಂದು ಜನ ಕೇಳಿದರು. 1955ರ ಚುನಾವಣೆಯಲ್ಲಿ ತದಾವೊ ವತಾನಾಬೆ ಆ ರಸ್ತೆಯ ಅಗಲವನ್ನು ಅರ್ಧಕ್ಕಿಳಿಸಿ ಉಳಿದರ್ಧದಲ್ಲಿ ಮನೆ ಕಟ್ಟಿಸುವುದಾಗಿ ಮಾತು ಕೊಟ್ಟರು, ಗೆದ್ದರು. ಗೆದ್ದ ಮೇಲೆ ಅವರೂ ರಸ್ತೆಯನ್ನು ಕಿರಿದು ಮಾಡಲಿಲ್ಲ. ಬದಲಿಗೆ ಸುತ್ತಲಿನ ಹಳ್ಳಿಪಟ್ಟಣಗಳವರಿಂದ ಗಿಡಮರಗಳನ್ನು ದಾನವಾಗಿ ಪಡೆದು ಇಕ್ಕೆಲಗಳಲ್ಲಿ ನೆಡಿಸಿದರು. ಇಂದು ಆ ರಸ್ತೆಗೆ ನೆರಳು ಕೊಡುತ್ತಿರುವುದು ಹಮಾಯಿ ಅವರನ್ನು ಸೋಲಿಸಿದವರ ಕಾಲದ ಮರಗಳು. 1959ರಲ್ಲಿ ಜನ ಮತ್ತೆ ಹಮಾಯಿ ಅವರನ್ನೇ ಆರಿಸಿದರು.

ಸೋಲಿಸಿದ ಜನರ ಮೇಲೆ ನನಗೆ ಬೇಸರವಿಲ್ಲ. ರಸ್ತೆ ಅಗಲೀಕರಣಕ್ಕೆ ಅಳತೆ ಹಿಡಿಯಲು ಹೋದಾಗ ಮನೆಯವರ ಮುಖ ನೋಡಿದ ಯಾವ ಯೋಜಕನೂ ಅವರನ್ನು ದೂರಲಾರ.

ಮೇಷ್ಟ್ರ ಮರುಪ್ರಶ್ನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಂಡಮಾರುತದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ವಿಷಯ ಕೇಳಬೇಕು. ಹಿರೋಶಿಮಾದ ಸ್ಮಾರಕದ ಮೇಲೆ ಕೆತ್ತಿದ ವಾಕ್ಯವನ್ನು ನಮ್ಮ ದೇಶದ ನ್ಯಾಯಾಧೀಶರೊಬ್ಬರು ಟೀಕಿಸಿದ್ದರೆಂದು ಓದಿದ್ದೇನೆ. ಆಗ ಮೇಯರ್ ಹಮಾಯಿ ಅವರೇ ತಾನೆ? ಅವರು ಅದನ್ನು ಹೇಗೆ ಎದುರಿಸಿದರು?

ಉತ್ತರ — ಜಪಾನಿ ಭಾಷೆಯ ಅನುವಾದಕಿ

ಹೌದು ಸರ್, ಹಮಾಯಿ ಅವರೇ. ಆ ಸ್ಮಾರಕ ಅನಾವರಣಗೊಂಡದ್ದು 1952ರ ಆಗಸ್ಟ್ 6ರಂದು, ಸೇನಾಡಳಿತ ಮುಗಿದ ಕೆಲವೇ ತಿಂಗಳಲ್ಲಿ. ವಾಸ್ತುಶಿಲ್ಪಿ ಕೆಂಜೊ ತಾಂಗೆ ಅದನ್ನು ಪ್ರಾಚೀನ ಜಪಾನಿನ ಮಣ್ಣಿನ ಮನೆಬೊಂಬೆಯ ಚಾವಣಿಯ ಆಕಾರದಲ್ಲಿ ರೂಪಿಸಿದರು. ಕೆಳಗಿನ ಕಲ್ಲಿನ ಪೆಟ್ಟಿಗೆಯಲ್ಲಿ ಸತ್ತವರ ಹೆಸರುಗಳ ದಾಖಲೆಯಿದೆ. ಮೇಲೆ ಕೆತ್ತಿರುವ ವಾಕ್ಯವನ್ನು ಬರೆದವರು ಹಿರೋಶಿಮಾ ವಿಶ್ವವಿದ್ಯಾಲಯದ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ ತದಾಯೊಶಿ ಸೈಕಾ. ಅವರೂ ಬಾಂಬಿಗೆ ಸಿಕ್ಕಿ ಬದುಕುಳಿದವರು. ವಾಕ್ಯ ಹೀಗಿದೆ: "ಯಾಸುರಾಕಾನಿ ನೆಮುತ್ತೆ ಕುದಾಸಾಯ್, ಅಯಮಾಚಿ ವ ಕುರಿಕಾಯೆಶಿಮಾಸೆನು ಕಾರಾ." ಅಂದರೆ, ನೆಮ್ಮದಿಯಿಂದ ನಿದ್ರಿಸಿರಿ, ತಪ್ಪನ್ನು ಮತ್ತೆ ಮಾಡುವುದಿಲ್ಲ.

ಟೋಕಿಯೊ ಯುದ್ಧಾಪರಾಧ ವಿಚಾರಣೆಯಲ್ಲಿ ಎಲ್ಲ ಆರೋಪಿಗಳೂ ನಿರ್ದೋಷಿಗಳೆಂದು ಭಿನ್ನ ತೀರ್ಪು ಬರೆದಿದ್ದ ರಾಧಾಬಿನೋದ್ ಪಾಲ್ 1952ರ ನವೆಂಬರ್‌ನಲ್ಲಿ ಹಿರೋಶಿಮಾಕ್ಕೆ ಬಂದರು. ವಾಕ್ಯದ ಅರ್ಥವನ್ನು ತಿಳಿದುಕೊಂಡ ಅವರು, ತಪ್ಪನ್ನು ಮತ್ತೆ ಮಾಡುವುದಿಲ್ಲ ಎನ್ನುತ್ತಿರುವವರು ಜಪಾನೀಯರೇ ಆದರೆ ಇದು ಸರಿಯಲ್ಲ, ಬಾಂಬು ಹಾಕಿದವರು ಜಪಾನೀಯರಲ್ಲವಲ್ಲ ಎಂದು ಆಕ್ಷೇಪಿಸಿದರು. ಇದಕ್ಕೆ ಸೈಕಾ ಅವರು ಪಾಲ್ ಅವರಿಗೆ ಪತ್ರ ಬರೆದು, ಇಲ್ಲಿ ಮಾತನಾಡುತ್ತಿರುವುದು ಇಡೀ ಮಾನವಕುಲ ಎಂದು ಸಮರ್ಥಿಸಿಕೊಂಡರು. ಹಮಾಯಿ ಅವರ ನಿಲುವೂ ಅದೇ ಆಗಿತ್ತು: ಆ ಕಲ್ಲಿನ ಮುಂದೆ ಯಾರು ನಿಂತು ಕೈಮುಗಿಯುತ್ತಾರೋ, ಯಾವ ದೇಶದವರೇ ಆಗಿರಲಿ, ಆ ಮಾತು ಅವರದು. ಕಲ್ಲನ್ನು ಅವರು ಬದಲಿಸಲಿಲ್ಲ. ವಿವಾದ ಮುಂದೆಯೂ ಆಗಾಗ ಕೆರಳುತ್ತಲೇ ಇದ್ದು, 1983ರಲ್ಲಿ ನಗರಾಡಳಿತ ಪಕ್ಕದಲ್ಲಿ ಒಂದು ವಿವರಣಾ ಫಲಕವನ್ನು ಇರಿಸಿತು.

ಕನ್ನಡದವರಾದ ನಮಗೆ ಈ ಜಗಳದ ಮೂಲ ಬೇಗ ಹಿಡಿಯುತ್ತದೆ. ಜಪಾನಿಯಲ್ಲಿ ಕರ್ತೃಪದವನ್ನು ಬಿಟ್ಟರೆ ಕ್ರಿಯಾಪದದಲ್ಲಿ ಅದರ ಗುರುತೇ ಉಳಿಯುವುದಿಲ್ಲ. ನಮ್ಮಲ್ಲಿ "ಮಾಡುತ್ತೇವೆ" ಎಂದ ಕೂಡಲೇ "ನಾವು" ಎಂಬುದು ತಾನಾಗಿ ಬಂದುಬಿಡುತ್ತದೆ. ಆದರೆ ನಿಷೇಧದಲ್ಲಿ ನಮಗೂ ಆ ಅವಕಾಶವಿದೆ. "ನೆಮ್ಮದಿಯಿಂದ ನಿದ್ರಿಸಿರಿ, ತಪ್ಪನ್ನು ಮತ್ತೆ ಮಾಡುವುದಿಲ್ಲ" ಎಂದು ಬರೆದರೆ ಮಾಡದವರು ನಾನೋ, ನಾವೋ, ಅವರೋ ಎಂಬುದು ಅಲ್ಲಿ ಕಾಣುವುದಿಲ್ಲ. ಹಳೆಯ ರೀತಿಯಲ್ಲಿ "ಮಾಡೆವು" ಎಂದರೆ ಮಾತ್ರ ಸಿಕ್ಕಿಬೀಳುತ್ತೇವೆ. ಆಗಲೂ ಆ "ನಾವು" ಎದುರಿಗಿರುವವರನ್ನೂ ಒಳಗೊಂಡಿದೆಯೇ ಇಲ್ಲವೇ ಎಂದು ತೆಲುಗಿನ "ಮನಂ" ಮತ್ತು "ಮೇಮು" ಹೇಳಿದಂತೆ ಇಂದಿನ ಕನ್ನಡ ಹೇಳುವುದಿಲ್ಲ. ಪಾಲ್ ಮತ್ತು ಹಮಾಯಿ ಅವರ ನಡುವಿನ ಭಿನ್ನಾಭಿಪ್ರಾಯ ಇದ್ದದ್ದು ಸರಿಯಾಗಿ ಇದೇ ಬಿಂದುವಿನಲ್ಲಿ. ಆದ್ದರಿಂದ ಕಪ್ಪುಹಲಗೆಯ ಮೇಲೆ ಬರೆಯುವಾಗ ದಯವಿಟ್ಟು "ನಾವು" ಎಂಬ ಪದವನ್ನು ಸೇರಿಸಬೇಡಿ. ಅದನ್ನು ಸೇರಿಸಿದರೆ ನೀವು ಒಂದು ಪಕ್ಷ ವಹಿಸಿದಂತಾಗುತ್ತದೆ.

ಉತ್ತರ — ಕಾನೂನು ವಿದ್ಯಾರ್ಥಿ

ಇಲ್ಲಿಯವರೆಗಿನ ಉತ್ತರಗಳಲ್ಲಿ ಹೊಗಳಿಕೆ ಹೆಚ್ಚಾಯಿತೇನೋ ಎಂಬ ಅಳುಕಿನಿಂದ ಎರಡು ಮಾತು ಸೇರಿಸುತ್ತಿದ್ದೇನೆ. ಶಾಂತಿ ಉದ್ಯಾನವಿರುವ ನಾಕಾಜಿಮಾ ಖಾಲಿ ಜಾಗವಾಗಿರಲಿಲ್ಲ. ಬಾಂಬಿಗೆ ಮೊದಲು ಅದು ಅಂಗಡಿಬೀದಿಗಳಿಂದ ತುಂಬಿದ್ದ ಹಳೆಯ ಪೇಟೆ. ಬದುಕುಳಿದವರು ಅಲ್ಲಿಗೇ ಮರಳಿ ಗುಡಿಸಲು ಹಾಕಿಕೊಂಡಿದ್ದರು, ಉದ್ಯಾನಕ್ಕಾಗಿ ಅವರನ್ನು ಎಬ್ಬಿಸಬೇಕಾಯಿತು. ಮೊತೊಮಾಚಿಯ ನದಿದಂಡೆಯಲ್ಲಿ ಒತ್ತೊತ್ತಾಗಿ ಬೆಳೆದ ಗುಡಿಸಲುಗಳ ಸಾಲಿಗೆ ಹಮಾಯಿ ಅವರ ನಾಲ್ಕು ಅವಧಿಗಳಲ್ಲೂ ಪರಿಹಾರ ಸಿಗಲಿಲ್ಲ. ಅಲ್ಲಿ ಬಹುಮಹಡಿ ವಸತಿ ಸಮುಚ್ಚಯ ಪೂರ್ಣಗೊಂಡದ್ದು 1978ರಲ್ಲಿ.

1955ರ ಜನವರಿಯಲ್ಲಿ ಅಮೆರಿಕದ ಸಂಸದ ಸಿಡ್ನಿ ಯೇಟ್ಸ್ ಹಿರೋಶಿಮಾದಲ್ಲಿಯೇ ಅಣು ವಿದ್ಯುತ್ ಸ್ಥಾವರ ಕಟ್ಟಬೇಕೆಂಬ ಪ್ರಸ್ತಾಪ ತಂದಾಗ ಹಮಾಯಿ ಅದನ್ನು ಸ್ವಾಗತಿಸುವ ಮಾತಾಡಿದ್ದರು ಎಂಬುದನ್ನೂ ಮರೆಯಬಾರದು. ಬದುಕುಳಿದವರಲ್ಲಿ ಅನೇಕರಿಗೆ ಅದು ಹಿಡಿಸಲಿಲ್ಲ, ಸ್ಥಾವರವೂ ಬರಲಿಲ್ಲ. ಅಣುಶಕ್ತಿ ಒಳ್ಳೆಯದಕ್ಕೂ ಒದಗಲಿ ಎಂಬ ಆಸೆ ಆ ಕಾಲದಲ್ಲಿ ಬಹಳ ಮಂದಿಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಅವರನ್ನು ಎಲ್ಲವನ್ನೂ ಮುಂಗಂಡ ಮಹಾಪುರುಷನೆಂದು ಮಕ್ಕಳ ಮುಂದೆ ನಿಲ್ಲಿಸುವುದು ಸರಿಯಾಗದು.

ಉತ್ತರ — ಯುದ್ಧೋತ್ತರ ಜಪಾನಿನ ಓದುಗ

ಕಾನೂನು ವಿದ್ಯಾರ್ಥಿಯ ಮಾತನ್ನು ಒಪ್ಪುತ್ತೇನೆ, ಅದಕ್ಕೆ ಪೂರಕವಾದ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಇಂದು ಹಿರೋಶಿಮಾ ಎಂದರೆ ಕಣ್ಣಮುಂದೆ ಬರುವ ಆ ಮುರುಕು ಗುಮ್ಮಟವನ್ನು ಉಳಿಸುವ ಮನಸ್ಸು ಹಮಾಯಿ ಅವರಿಗೆ ಮೊದಲು ಇರಲಿಲ್ಲ. 1915ರಲ್ಲಿ ಚೆಕ್ ವಾಸ್ತುಶಿಲ್ಪಿ ಯಾನ್ ಲೆಟ್ಸೆಲ್ ಕಟ್ಟಿದ ಪ್ರದರ್ಶನ ಭವನದ ಅವಶೇಷ ಅದು. ಗೋಡೆ ಬಿರುಕುಬಿಟ್ಟಿದೆ, ಕಬ್ಬಿಣ ಬಾಗಿದೆ, ಜನರಿಗೆ ಮನೆಯಿಲ್ಲದಿರುವಾಗ ಹಣ ಸುರಿದು ಇದನ್ನು ಕಾಪಾಡಬೇಕೇ ಎಂಬುದು ಅವರ ಹಿಂಜರಿಕೆಯಾಗಿತ್ತು. ಪಡಿತರ ವಿಭಾಗದಿಂದ ಬಂದವರಿಗೆ ಆ ಲೆಕ್ಕಾಚಾರ ಸಹಜವೇ. ಬದುಕುಳಿದವರಲ್ಲೂ ಕೆಲವರು, ಅದನ್ನು ನೋಡಿದರೆ ಸಂಕಟವಾಗುತ್ತದೆ, ಕೆಡವಿಬಿಡಿ ಎನ್ನುತ್ತಿದ್ದರು.

ಅವರ ಮನಸ್ಸನ್ನು ತಿರುಗಿಸಿದ್ದರಲ್ಲಿ ಮಕ್ಕಳ ಪಾಲು ದೊಡ್ಡದು. ಮೇಷ್ಟ್ರೇ, ಇದನ್ನು ನಿಮ್ಮ ತರಗತಿಗಾಗಿಯೇ ಬರೆಯುತ್ತಿದ್ದೇನೆ. ಪುಟ್ಟ ಮಗುವಾಗಿದ್ದಾಗ ವಿಕಿರಣಕ್ಕೆ ಸಿಕ್ಕಿದ್ದ ಒಬ್ಬ ಶಾಲಾ ಬಾಲಕಿ 1960ರಲ್ಲಿ ರಕ್ತ ಕ್ಯಾನ್ಸರಿನಿಂದ ತೀರಿಕೊಂಡಳು. ಆ ಗುಮ್ಮಟವೊಂದೇ ಬಾಂಬಿನ ಭೀಕರತೆಯನ್ನು ಮುಂದೆ ಜಗತ್ತಿಗೆ ಹೇಳುತ್ತದೆ ಎಂಬ ಅರ್ಥದ ಮಾತನ್ನು ಅವಳು ದಿನಚರಿಯಲ್ಲಿ ಬರೆದಿಟ್ಟಿದ್ದಳು. ಅದನ್ನು ಓದಿದ ಮಕ್ಕಳ ಬಳಗವೊಂದು ಬೀದಿಯಲ್ಲಿ ನಿಂತು ಸಹಿ ಸಂಗ್ರಹಿಸತೊಡಗಿತು. ವರ್ಷಗಳ ಒತ್ತಾಯದ ಬಳಿಕ 1966ರ ಜುಲೈನಲ್ಲಿ ಗುಮ್ಮಟವನ್ನು ಶಾಶ್ವತವಾಗಿ ಉಳಿಸಿಕೊಳ್ಳುವ ನಿರ್ಣಯವನ್ನು ನಗರಸಭೆ ಕೈಗೊಂಡಿತು.

ದುರಸ್ತಿಗೆ 4 ಕೋಟಿ ಯೆನ್ ಬೇಕಿತ್ತು. ಅದನ್ನು ಜನರಿಂದಲೇ ಸಂಗ್ರಹಿಸುವುದೆಂದು ತೀರ್ಮಾನವಾಯಿತು. ದೇಣಿಗೆ ನಿಧಾನವಾಗಿ ಬರುತ್ತಿದ್ದಾಗ, 60 ದಾಟಿದ್ದ ಮೇಯರ್ ಹಮಾಯಿ 1967ರ ಚಳಿಗಾಲದಲ್ಲಿ ಟೋಕಿಯೊಗೆ ಹೋಗಿ, ಬೀದಿಯಲ್ಲಿ ನಿಂತು ದಾರಿಹೋಕರ ಮುಂದೆ ಹಣ ಬೇಡಿದರು. ಪತ್ರಿಕೆಗಳಲ್ಲಿ ಅದು ಸುದ್ದಿಯಾದ ಮೇಲೆ ಹಣ ಹರಿದು ಬಂದು, ಕೊನೆಗೆ ಸೇರಿದ ಮೊತ್ತ 6 ಕೋಟಿ 60 ಲಕ್ಷ ಯೆನ್‌ಗೂ ಮೀರಿತು. ಬಿರುಕುಗಳೊಳಗೆ ಎಪಾಕ್ಸಿ ರಾಳವನ್ನು ತುಂಬಿ, ಒಳಗಿನಿಂದ ಉಕ್ಕಿನ ಆಸರೆ ಕೊಟ್ಟು, ಮುರಿದದ್ದನ್ನು ಮುರಿದಂತೆಯೇ ನಿಲ್ಲಿಸುವ ಆ ಕೆಲಸ 1967ರ ಆಗಸ್ಟ್‌ನಲ್ಲಿ ಮುಗಿಯಿತು. ಅಷ್ಟರಲ್ಲಿ ಹಮಾಯಿ ಅವರ ನಾಲ್ಕನೆಯ ಅವಧಿ ಮುಗಿದು, ಸೆತ್ಸುವೊ ಯಮಾದಾ ಮೇಯರ್ ಆಗಿದ್ದರು. ಮರುವರ್ಷದ ಫೆಬ್ರವರಿಯಲ್ಲಿ, 62ನೆಯ ವಯಸ್ಸಿನಲ್ಲಿ, ಹಮಾಯಿ ತೀರಿಕೊಂಡರು.